ಉಪ್ಪು ತಿಂದ ಕಾಂಕ್ರೀಟು

ಮುಲುಂಡ್ ಪೂರ್ವದ ಆ ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ವರದಿ 46 ಪುಟದ್ದು, ಇಂಗ್ಲಿಷಿನದು. ಜುಲೈ ತಿಂಗಳ ಒಂದು ರಾತ್ರಿ ಅದು ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಬಂದು ಬಿತ್ತು. 28 ಮನೆಗಳಲ್ಲಿ ಯಾರೊಬ್ಬರೂ ಅದನ್ನು ಪೂರ್ತಿ ಓದಿ ಮುಗಿಸಿರಲಿಲ್ಲ, ಅಷ್ಟರಲ್ಲೇ ಯಾರೋ ಅದರ ಸಾರವನ್ನು ಹಿಂದಿಯಲ್ಲಿ ಒಂದು ಸಾಲಿಗೆ ಇಳಿಸಿದರು: ಬಿಲ್ಡಿಂಗಿನ ಕಬ್ಬಿಣಕ್ಕೆ 90 ಪರ್ಸೆಂಟ್ ತುಕ್ಕು ಹಿಡಿದಿದೆ. ಮೂರನೇ ಮಹಡಿಯ ಗುಜರಾತಿ ಕುಟುಂಬ ಮರುದಿನವೇ ಬಾಡಿಗೆ ಮನೆ ಹುಡುಕಲು ಶುರುಮಾಡಿತು. ನಾಲ್ಕನೇ ಮಹಡಿಯವರು ತಮಗೆ ಗೊತ್ತಿದ್ದ ಬಿಲ್ಡರೊಬ್ಬನ ನಂಬರನ್ನು ಗುಂಪಿಗೆ ಹಾಕಿದರು.

ವರದಿಯ 31ನೇ ಪುಟದಲ್ಲಿ ಇದ್ದದ್ದು ಬೇರೆಯೇ ಮಾತು. ಅಲ್ಲೊಂದು ಕೋಷ್ಟಕ. ಕೆಲವು ಕಂಬಗಳ ಎದುರು –350 ಮಿಲಿವೋಲ್ಟಿಗಿಂತ ಕೆಳಗಿನ ಅಂಕಿಗಳು. ಅದರಡಿ, ಇಂಥ ಅಂಕಿ ಸಿಕ್ಕ ಜಾಗದಲ್ಲಿ ಅಳತೆಯ ಹೊತ್ತಿಗೆ ತುಕ್ಕಿನ ಕ್ರಿಯೆ ನಡೆಯುತ್ತಿರುವ ಸಂಭವ 90%ಕ್ಕಿಂತ ಹೆಚ್ಚು ಎಂಬ ಟಿಪ್ಪಣಿ. ತುಕ್ಕು ಎಷ್ಟು ಹಿಡಿದಿದೆ ಎಂದು ಅದು ಹೇಳುವುದೇ ಇಲ್ಲ. ಇದೆಯೋ ಇಲ್ಲವೋ ಎಂಬುದರ ಮೇಲೆ ಎಷ್ಟು ಧೈರ್ಯದಿಂದ ಬಾಜಿ ಕಟ್ಟಬಹುದು ಎಂದಷ್ಟೇ ಹೇಳುತ್ತದೆ. ನಾಳೆ ಮಳೆ ಬರುವ ಸಂಭವ 90% ಎಂದರೆ ನಾಳೆ ಊರಿನ 90% ಮುಳುಗುತ್ತದೆ ಎಂದಲ್ಲವಲ್ಲ. ಇಂಗ್ಲಿಷಿನಿಂದ ಹಿಂದಿಗೆ ದಾಟುವಾಗ ಕೈತಪ್ಪಿದ್ದು ಒಂದೇ ಪದ, ಸಂಭವ. ಅದು ಬಿದ್ದುಹೋದದ್ದೇ ತಡ, 28 ಮನೆಗಳ ನಿದ್ದೆಯೂ ಹೋಯಿತು.

ಎರಡನೇ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬ ಹೆಂಗಸು ಒಬ್ಬರೇ ಇದ್ದಾರೆ. ವಯಸ್ಸು 74. ಕಟ್ಟಡ 1984ರದು, ಮುಗಿದ ವರ್ಷವೇ ಗಂಡ, ಎರಡು ಮಕ್ಕಳು, ಒಂದು ಗ್ರೈಂಡರ್ ಕಲ್ಲಿನೊಂದಿಗೆ ಬಂದವರು. ಗಂಡ ಬ್ಯಾಂಕಿನಲ್ಲಿದ್ದರು, ಈಗಿಲ್ಲ. ಮಕ್ಕಳು ದೂರ. ಕಟ್ಟಡ ಕೆಡವಿ ಹೊಸದು ಕಟ್ಟುವವರೆಗೆ ಮೂರು ವರ್ಷ ಬಾಡಿಗೆ ಮನೆಯಲ್ಲಿರಿ, ಬಾಡಿಗೆ ಬಿಲ್ಡರ್ ಕೊಡುತ್ತಾನೆ, ಆಮೇಲೆ ದೊಡ್ಡ ಫ್ಲ್ಯಾಟು, ಲಿಫ್ಟು, ಪಾರ್ಕಿಂಗು ಎಂದು ಚಿಕ್ಕ ವಯಸ್ಸಿನವರು ಹೇಳುತ್ತಿದ್ದರು. ಅವರ ಆಸೆಯೇನೂ ತಪ್ಪಲ್ಲ. ಆದರೆ 74ಕ್ಕೆ ಮೂರು ಕೂಡಿಸುವ ಲೆಕ್ಕ 40ಕ್ಕೆ ಮೂರು ಕೂಡಿಸಿದ ಹಾಗಲ್ಲ. ಮುಂಬೈ ಸುತ್ತಮುತ್ತ ಎಲ್ಲೋ ಒಂದು ಕಟ್ಟಡ ಕುಸಿದ ಸುದ್ದಿ ಬಾರದ ಮಳೆಗಾಲವೂ ಅಪರೂಪ. ಹಾಗಾಗಿ ಹೊರಡುವುದಕ್ಕೂ ಹೆದರಿಕೆ, ಇರುವುದಕ್ಕೂ ಹೆದರಿಕೆ. ಅವರು ಚೆನ್ನೈಯಲ್ಲಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಕಲಿಸುವ ತಂಗಿಯ ಮಗಳಿಗೆ ಫೋನ್ ಮಾಡಿದರು.

“ಅಂಕಿ ಎಲ್ಲ ಮೈನಸ್ಸಲ್ಲಿ ಉಂಟು ಮಾರಾಯ್ತಿ. ಬ್ಯಾಂಕಲ್ಲಾದ್ರೆ ಮೈನಸ್ ಅಂದ್ರೆ ಮುಗೀತು ಅಂತ ಲೆಕ್ಕ.”

“ಇದರಲ್ಲಿ ಹೆಚ್ಚಾಗಿ ಮೈನಸ್ಸೇ ಬರುವುದು ದೊಡ್ಡಮ್ಮ. ಎಷ್ಟು ಮೈನಸ್, ಎಲ್ಲಿ, ಯಾವ ದಿವಸ ಅಂತ ನೋಡಬೇಕು. ಅಳೆದ ದಿವಸ ಮಳೆ ಇತ್ತಾ?”

ಇತ್ತು. ಮೂರು ದಿನದಿಂದ ಎಡೆಬಿಡದೆ.

ತಂಗಿಯ ಮಗಳು ವಾರದ ಕೊನೆಗೆ ಬಂದಳು. ಅವಳ ಕೆಲಸವೇ ಸಿಮೆಂಟಿನ ಒಳಗೆ ಕರೆಂಟು ಹೇಗೆ ಹರಿಯುತ್ತದೆ ಎಂದು ನೋಡುವುದು. ಇದನ್ನು ಕೇಳಿದವರಿಗೆ ಮೊದಲು ಆಗುವುದು ಆಶ್ಚರ್ಯ: ಕಾಂಕ್ರೀಟಿನಲ್ಲಿ ಕರೆಂಟು ಹರಿಯುತ್ತದೆಯೇ? ಜಲ್ಲಿಯಲ್ಲಿ ಹರಿಯುವುದಿಲ್ಲ, ಮರಳಿನಲ್ಲಿ ಹರಿಯುವುದಿಲ್ಲ. ಹರಿಯುವುದು ನಡುವಿನ ಸಿಮೆಂಟಿನ ಸೂಕ್ಷ್ಮ ರಂಧ್ರಗಳಲ್ಲಿ ನಿಂತ ನೀರಿನಲ್ಲಿ. “ಕಲ್ಲಿನ ಇಡ್ಲಿ ಅಂತ ತಿಳ್ಕೊಳ್ಳಿ ದೊಡ್ಡಮ್ಮ” ಎಂದಳು ಅವಳು. ಇಡ್ಲಿಯ ತೂತುಗಳಲ್ಲಿ ಸಾಂಬಾರು ಇಳಿದ ಹಾಗೆ ಕಾಂಕ್ರೀಟಿನ ತೂತುಗಳಲ್ಲಿ ನೀರು ಇಳಿದಿರುತ್ತದೆ. ಆ ನೀರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಹೈಡ್ರಾಕ್ಸೈಡ್ ಅಯಾನುಗಳಿವೆ. ವಿದ್ಯುತ್ತನ್ನು ಹೊತ್ತೊಯ್ಯುವವು ಅವೇ. ಒಳ್ಳೆಯ ಸಿಮೆಂಟಿನ ಇಡ್ಲಿಯಲ್ಲಿ ತೂತು ಸಣ್ಣ, ಒಂದಕ್ಕೊಂದು ಸರಿಯಾಗಿ ಕೂಡಿರುವುದಿಲ್ಲ. ಕರೆಂಟಿಗೆ ದಾರಿ ಸಿಗುವುದಿಲ್ಲ, ರೋಧ ಹೆಚ್ಚು. ಕಳಪೆಯದಾದರೆ ದಾರಿ ಅಗಲ, ರೋಧ ಕಡಿಮೆ. ಈ ರೋಧವನ್ನು ಅಳೆದರೆ ಕಾಂಕ್ರೀಟಿನ ಗುಣ ತಿಳಿಯುತ್ತದೆ ಎಂಬ ನಂಬಿಕೆಯ ಬುಡ ಇದು.

ಅಳೆಯುವ ಉಪಕರಣಕ್ಕೆ ಒಂದೇ ಸಾಲಿನಲ್ಲಿ ನಾಲ್ಕು ಕಾಲು. ಹೊರಗಿನ ಎರಡು ಕಾಲುಗಳು ಸಣ್ಣ ಕರೆಂಟು ಹಾಯಿಸುತ್ತವೆ, ಒಳಗಿನ ಎರಡು ವೋಲ್ಟೇಜು ನೋಡುತ್ತವೆ. ಮೂಲದಲ್ಲಿ ಇದು ಮಣ್ಣಿನ ರೋಧ ಅಳೆಯಲು ಅಮೆರಿಕದ ಫ್ರ್ಯಾಂಕ್ ವೆನ್ನರ್ 1915ರಲ್ಲಿ ಹೇಳಿಕೊಟ್ಟ ವಿಧಾನ. ಮಣ್ಣಿನಿಂದ ಕಾಂಕ್ರೀಟಿಗೆ ಬಂತು. 20 ಕಿಲೋಓಮ್-ಸೆಂಟಿಮೀಟರಿಗಿಂತ ಮೇಲಿದ್ದರೆ ತುಕ್ಕಿನ ವೇಗ ಕಡಿಮೆ, 5ಕ್ಕಿಂತ ಕೆಳಗಿದ್ದರೆ ಬಹಳ ಹೆಚ್ಚು ಎಂಬುದು ಕೆಲಸದವರ ನಡುವೆ ಚಾಲ್ತಿಯಲ್ಲಿರುವ ಅಂದಾಜು. ಮುಲುಂಡಿನ ಕಟ್ಟಡದಲ್ಲಿ ಖಾರಿಯ ಕಡೆಗೆ ಮುಖ ಮಾಡಿದ ನಾಲ್ಕು ಕಂಬಗಳಲ್ಲಿ 6, 7, 8 ಹೀಗೆ ಬಂದಿತ್ತು. ಆಡಿಟ್ ಮಾಡಿದವರು ಕೆಂಪು ಬಣ್ಣ ಬಳಿದಿದ್ದರು. ಪೂರ್ವಕ್ಕೆ ಹೈವೇ ದಾಟಿದರೆ ಉಪ್ಪಿನ ಗದ್ದೆಗಳು, ಅದರಾಚೆ ಥಾಣೆ ಖಾರಿ. ಸಮುದ್ರದ ಗಾಳಿ, ಉಪ್ಪು, ತುಕ್ಕು. ಕಥೆ ಎಷ್ಟು ಸಲೀಸಾಗಿ ಹೊಂದುತ್ತದೆ ಎಂದರೆ ಯಾರಿಗೂ ಅನುಮಾನ ಬರಲಿಲ್ಲ.

ಅನುಮಾನ ಬರಬೇಕಾದದ್ದು ಉಪ್ಪಿನ ವಿಷಯದಲ್ಲೇ. ಉಪ್ಪು ನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ಆದ್ದರಿಂದ ಉಪ್ಪು ಹೊಕ್ಕ ಕಾಂಕ್ರೀಟಿನ ರೋಧ ಇಳಿಯುತ್ತದೆ ಎಂದು ಶಾಲೆಯ ವಿಜ್ಞಾನ ಹೇಳುತ್ತದೆ. ಸುಳ್ಳಲ್ಲ, ಆದರೆ ಅರ್ಧ. ಕಾಂಕ್ರೀಟಿನ ತೂತುಗಳಲ್ಲಿ ಮೊದಲೇ ಇರುವ ನೀರು ಸಾದಾ ನೀರಲ್ಲ. ಅದರ ಪಿಎಚ್ 12.5ರಿಂದ 13.5ರ ಆಸುಪಾಸು. ಕರೆಂಟು ಹರಿಸುವುದರಲ್ಲಿ ಅದು ಸಮುದ್ರದ ನೀರಿಗೆ ಸರಿಸಮ, ಎಷ್ಟೋ ಸಲ ಅದಕ್ಕಿಂತ ಮಿಗಿಲು. ಅದರಲ್ಲಿರುವ ಹೈಡ್ರಾಕ್ಸೈಡ್ ಅಯಾನು ಉಪ್ಪಿನ ಕ್ಲೋರೈಡಿಗಿಂತ ಎರಡೂವರೆ ಪಟ್ಟು ಚುರುಕು. ಹಾಗಾಗಿ ಪೂರ್ತಿ ನೆನೆದ ಕಾಂಕ್ರೀಟಿಗೆ ಒಂದಿಷ್ಟು ಉಪ್ಪು ಸೇರಿದರೆ ರೋಧ ನೆಲಕಚ್ಚುವುದಿಲ್ಲ. ಬಹುಕಾಲ ನೀರಿನಲ್ಲಿ ನೆನೆದರೆ ಒಳಗಿನ ಕ್ಷಾರ ಹೊರಗೆ ಸೋರಿಹೋಗಿ ರೋಧ ಏರುವುದೂ ಉಂಟು. ಸಮುದ್ರದ ನೀರಿನ ಮೆಗ್ನೀಸಿಯಂ ಕಾಂಕ್ರೀಟಿನ ಮೈಮೇಲೆ ಬ್ರೂಸೈಟ್ ಎಂಬ ಖನಿಜದ ತೆಳು ಪೊರೆ ಕಟ್ಟಿ ದಾರಿ ಮುಚ್ಚುವುದೂ ಉಂಟು. ಇನ್ನು ಹೊಕ್ಕ ಕ್ಲೋರೈಡಿನಲ್ಲೂ ಒಂದು ಪಾಲನ್ನು ಸಿಮೆಂಟಿನ ಅಲ್ಯೂಮಿನೇಟುಗಳು ಹಿಡಿದು ಕಟ್ಟಿಹಾಕುತ್ತವೆ. ಹಾಗೆ ಹುಟ್ಟುವ ಹರಳಿಗೆ ಫ್ರಾನ್ಸಿನ ಜಾರ್ಜ್ ಫ್ರೀಡೆಲ್‌ನ ಹೆಸರಿದೆ, ಫ್ರೀಡೆಲ್ ಉಪ್ಪು. ಕಟ್ಟಿಹಾಕಿದ್ದು ಕರೆಂಟನ್ನೂ ಒಯ್ಯದು, ಕಬ್ಬಿಣವನ್ನೂ ತಿನ್ನದು. ವರ್ಷಗಳು ಕಳೆದು ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಬಂದಾಗ ಈ ಹರಳು ಒಡೆದು ಕೈದಿ ಬಿಡುಗಡೆಯಾಗುತ್ತಾನೆ. ಅದು ಬೇರೆ ತಾಪತ್ರಯ.

ಹಾಗಾದರೆ ಉಪ್ಪು ಅಳತೆಯನ್ನು ನಿಜಕ್ಕೂ ಕೆಡಿಸುವುದು ಹೇಗೆ? ಇದನ್ನು ಹೇಳಲು ಕನ್ನಡದ ಗಾದೆಯೇ ಸಾಕು: ಉಪ್ಪು ತಿಂದವನು ನೀರು ಕುಡಿಯಲೇಬೇಕು. ಗಾದೆ ಹೇಳುವುದು ತಪ್ಪು ಮಾಡಿದವನ ಬಗ್ಗೆ, ಆದರೆ ಸಿಮೆಂಟಿನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಗಾಳಿಯ ತೇವಾಂಶ 75% ದಾಟಿತೆಂದರೆ ಅಡುಗೆ ಉಪ್ಪು ತಾನೇ ನೀರೆಳೆದು ಒದ್ದೆಯಾಗುತ್ತದೆ; ಕರಾವಳಿಯ ಅಡುಗೆಮನೆಯಲ್ಲಿ ಮಳೆಗಾಲದ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಂಕ್ರೀಟಿನೊಳಗಿನ ಉಪ್ಪೂ ಅದನ್ನೇ ಮಾಡುತ್ತದೆ. ಉಪ್ಪಿಲ್ಲದ ಕಂಬ ಅಕ್ಟೋಬರ್ ಬಿಸಿಲಿಗೆ ಒಣಗಿ ರೋಧ ಏರಿಸಿಕೊಳ್ಳುತ್ತದೆ, ಉಪ್ಪು ತಿಂದ ಕಂಬ ಒಣಗಲು ಒಪ್ಪುವುದಿಲ್ಲ. ಮಳೆಯಲ್ಲಿ ಅಳೆದರೆ ಎರಡೂ ಒಂದೇ ಹಾಗೆ ಕಾಣುತ್ತವೆ. ತಪ್ಪಿತಸ್ಥನನ್ನೂ ನಿರಪರಾಧಿಯನ್ನೂ ಒಂದೇ ಕೊಡೆಯಿಲ್ಲದ ಮಳೆಯಲ್ಲಿ ನಿಲ್ಲಿಸಿ ಯಾರ ಅಂಗಿ ಒದ್ದೆಯಾಗಿದೆ ಎಂದು ಕೇಳಿದ ಹಾಗೆ. ಅದರ ಮೇಲೆ ಬಿಸಿಲಿನ ಲೆಕ್ಕ ಬೇರೆ: ಒಂದು ಡಿಗ್ರಿ ಶಾಖ ಏರಿದರೆ ರೋಧ ಸುಮಾರು 3% ಇಳಿಯುತ್ತದೆ, ಬೆಳಗಿನ ಅಂಕಿ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ.

ಮೊದಲ ವರದಿಯಲ್ಲಿ ಅಂಕಿಗಳ ಪಕ್ಕ ತಾರೀಖು ಇತ್ತು. ಮಳೆ ಇತ್ತೇ, ಎಷ್ಟು ಶಾಖ, ಪ್ಲಾಸ್ಟರು ಕೆರೆದು ಅಳೆದರೇ, ಒಂದೂ ಇರಲಿಲ್ಲ.

ಕನ್ನಡದ ಎಂಜಿನಿಯರುಗಳು, ಮೇಸ್ತ್ರಿಗಳು, ಲ್ಯಾಬಿನ ಹುಡುಗರು ಎಲ್ಲರೂ ಆಡುವ ಒಂದು ಮಾತಿದೆ: ರೀಡಿಂಗ್ ಬಂತು. ಜ್ವರ ಬಂದ ಹಾಗೆ, ಮಳೆ ಬಂದ ಹಾಗೆ, ರೀಡಿಂಗೂ ಬರುತ್ತದೆ. ರೀಡಿಂಗ್ ಎಂದರೆ ಓದು. ಓದಿಗೆ ಓದುವವನೊಬ್ಬ ಬೇಕು. ಆದರೆ ಈ ವಾಕ್ಯದಲ್ಲಿ ಓದುಗ ಮಾಯ. ಅಂಕಿ ತಾನಾಗಿ ಎಲ್ಲಿಂದಲೋ ಬಂದು ಕೂತಿದೆ. ಬಂದದ್ದನ್ನು ಪ್ರಶ್ನಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಭಾಷೆಯ ಮೇಲೆ ಗೂಬೆ ಕೂರಿಸುವುದು ಬೇಡ, ಆದರೂ ಮುಲುಂಡಿನ ಸೊಸೈಟಿಯ ಸಭೆಯಲ್ಲಿ ಆಡಿಟಿನವರು ಹಿಂದಿಯಲ್ಲಿ ಹೇಳಿದ್ದೂ ಅದನ್ನೇ, ರೀಡಿಂಗ್ ಐಸಾ ಆಯಾ ಹೈ.

ವೋಲ್ಟೇಜಿನ ಅಳತೆಯ ಕಥೆ ಇನ್ನೊಂದು ಬಗೆಯದು. ಒಂದು ಕೊಳವೆಯಲ್ಲಿ ಮೈಲುತುತ್ತದ ದ್ರಾವಣ, ಅದರಲ್ಲಿ ತಾಮ್ರದ ಕಡ್ಡಿ, ತುದಿಗೆ ಒದ್ದೆ ಸ್ಪಂಜು. ವೋಲ್ಟ್‌ಮೀಟರಿನ ಒಂದು ತಂತಿ ಈ ತಾಮ್ರಕ್ಕೆ, ಇನ್ನೊಂದು ಕಂಬ ಒಡೆದು ಬಯಲು ಮಾಡಿದ ಕಬ್ಬಿಣದ ಸರಳಿಗೆ. ಸ್ಪಂಜನ್ನು ಕಂಬದ ಮೇಲೆ ಇಟ್ಟು ಇಟ್ಟು ಸಾಗಬೇಕು. ಕ್ಷಾರದ ನೀರಿನಲ್ಲಿರುವ ಕಬ್ಬಿಣ ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಹೊದ್ದು ನೆಮ್ಮದಿಯಾಗಿರುತ್ತದೆ. ಸಾಕಷ್ಟು ಕ್ಲೋರೈಡ್ ಬಂದು ತಾಗಿದಾಗ ಆ ಪೊರೆ ಎಲ್ಲೋ ಒಂದೆಡೆ ತೂತಾಗಿ ಅಲ್ಲಿ ಕಬ್ಬಿಣ ಕರಗಲು ತೊಡಗುತ್ತದೆ, ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ವೋಲ್ಟೇಜು ಇನ್ನಷ್ಟು ಮೈನಸ್ಸಿಗೆ ಇಳಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವ ವಸ್ತು, ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಕಣ್ಣಿಗೆ ಬಿರುಕು ಕಾಣುವ ಮೊದಲೇ ಮೀಟರಿಗೆ ಗೊತ್ತಾಗುತ್ತದೆ ಎಂಬುದೇ ಈ ಪರೀಕ್ಷೆಯ ಹೆಚ್ಚುಗಾರಿಕೆ.

ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯ ರಿಚರ್ಡ್ ಸ್ಟ್ರಾಟ್‌ಫುಲ್ 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮೇಲಿನ ಸ್ಯಾನ್ ಮಟೇಯೋ–ಹೇವರ್ಡ್ ಸೇತುವೆಯ ತುಕ್ಕನ್ನು ಬೆನ್ನುಹತ್ತಿ ಈ ವಿಧಾನವನ್ನು ಹದಕ್ಕೆ ತಂದದ್ದು. –200ಕ್ಕಿಂತ ಮೇಲಿದ್ದರೆ ತುಕ್ಕಿಲ್ಲದಿರುವ ಸಂಭವ 90%ಕ್ಕಿಂತ ಹೆಚ್ಚು, –350ಕ್ಕಿಂತ ಕೆಳಗಿದ್ದರೆ ಇರುವ ಸಂಭವ 90%ಕ್ಕಿಂತ ಹೆಚ್ಚು, ನಡುವೆ ಹೇಳಲಾಗದು ಎಂಬ ಗೆರೆಗಳು 1977ರಲ್ಲಿ ಅಮೆರಿಕದ ಎಎಸ್‌ಟಿಎಂ ಮಾನಕಕ್ಕೆ ಬಂದವು. ಆ ಗೆರೆಗಳ ಹಿಂದೆ ಇದ್ದದ್ದು ಚಳಿಗಾಲದಲ್ಲಿ ಹಿಮ ಕರಗಿಸಲು ಉಪ್ಪು ಚೆಲ್ಲುವ ಅಲ್ಲಿನ ಸೇತುವೆಗಳ ಅನುಭವ: ಮೇಲಿನಿಂದ ಉಪ್ಪು, ಗಾಳಿಗೆ ಬಯಲಾದ ರಸ್ತೆಯ ಹಲಗೆ. ಮುಂಬೈಯ ಒಂದು ವಸತಿ ಕಟ್ಟಡದ ಪ್ಲಾಸ್ಟರು, ಪುಟ್ಟಿ, ಆಯಿಲ್ ಪೇಂಟು ಮೆತ್ತಿದ ಕಂಬಕ್ಕೂ ಅದೇ ಗೆರೆಗಳು ಹಾಗೆಯೇ ಅನ್ವಯಿಸಬೇಕೆಂದೇನಿಲ್ಲ. ಆದರೂ ಇಲ್ಲಿನ ವರದಿಗಳಲ್ಲಿ ಅವನ್ನೇ ಅಂಟಿಸುತ್ತಾರೆ. ನುರಿತವರು ಒಂಟಿ ಅಂಕಿಗಿಂತ ಅಕ್ಕಪಕ್ಕದ ಅಂಕಿಗಳ ನಡುವಿನ ಇಳಿಜಾರನ್ನು ನೋಡುತ್ತಾರೆ. ಒಂದಡಿಯ ಅಂತರದಲ್ಲಿ –150 ಇದ್ದದ್ದು –400 ಆದರೆ ಅಲ್ಲಿ ಏನೋ ನಡೆದಿದೆ.

ಇದೆಲ್ಲ ಪುಸ್ತಕದ ಜಗಳವಲ್ಲ. ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿದಾಗ ಅದಕ್ಕೆ ಹದಿನೈದು ವರ್ಷದ ಆಸುಪಾಸಷ್ಟೇ. ವಾಶಿಯ ಹಳೆಯ ಥಾಣೆ ಖಾರಿ ಸೇತುವೆಯ ಒಳಗಿನ ಉಕ್ಕಿನ ಕೇಬಲ್ಲುಗಳಿಗೆ ಉಪ್ಪು ತಾಗಿ ಪಕ್ಕದಲ್ಲೇ ಇನ್ನೊಂದು ಕಟ್ಟಬೇಕಾಯಿತು. ಮುಲುಂಡಿನಿಂದ ಅದು ದೂರವೇನಲ್ಲ. ಮುಂಬೈ ಮಹಾನಗರ ಪಾಲಿಕೆ ಕಾಯ್ದೆಯ 353ಬಿ ಕಲಮಿನ ಪ್ರಕಾರ 30 ವರ್ಷ ದಾಟಿದ ಕಟ್ಟಡಕ್ಕೆ ಆಡಿಟ್ ಆಗಲೇಬೇಕು, ಆಗಬೇಕಾದದ್ದೂ ಸರಿಯೇ. ಆಡಿಟಿನ ಕೊನೆಗೆ ಒಂದು ದರ್ಜೆ ಸಿಗುತ್ತದೆ. ಸಿ1 ಎಂದರೆ ಖಾಲಿ ಮಾಡಿ ಕೆಡವಿ. ಸಿ2ಎ, ಸಿ2ಬಿ ಎಂದರೆ ದೊಡ್ಡ ರಿಪೇರಿ, ಮೊದಲನೆಯದಕ್ಕೆ ಒಂದಷ್ಟು ಭಾಗ ಖಾಲಿ ಮಾಡಬೇಕು, ಎರಡನೆಯದಕ್ಕೆ ಬೇಡ. ಸಿ3 ಎಂದರೆ ಸಣ್ಣ ರಿಪೇರಿ. ಒಂದು ಅಕ್ಷರ, ಒಂದು ಅಂಕಿ. ಅದರ ಮೇಲೆ ಒಬ್ಬರ ಅಡುಗೆಮನೆ ನಿಂತಿದೆ. ಎರಡು ವರದಿಗಳು ಒಂದಕ್ಕೊಂದು ವಿರುದ್ಧವಾದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಗೆ ಹೋಗಬಹುದು. ಮೊದಲ ವರದಿ ಕಟ್ಟಡಕ್ಕೆ ಸಿ1 ಕೊಡಬೇಕೆಂದು ಬರೆದಿತ್ತು.

ಎರಡನೇ ಸಲಹೆಗಾರರನ್ನು ಕರೆಸಲು ಸೊಸೈಟಿಯನ್ನು ಒಪ್ಪಿಸುವುದೇ ದೊಡ್ಡ ಸಾಹಸವಾಯಿತು. ಫೀಸು ಯಾರು ಕೊಡುವುದು ಎಂದು ಎರಡು ಸಭೆ. ಎರಡನೇ ಸಭೆಯಲ್ಲಿ ದೊಡ್ಡಮ್ಮ ಎದ್ದು ನಿಂತು, ತನ್ನ ಪಾಲಿನ ಜೊತೆಗೆ ಮೇಲೆ ಐದು ಸಾವಿರ ಕೊಡುತ್ತೇನೆ, ಆದರೆ ಮಳೆ ನಿಂತ ಮೇಲೆ ಅಳೆಯಬೇಕು ಎಂದರು, ತಮ್ಮ ಮುರುಕು ಮರಾಠಿಯಲ್ಲಿ. ಯಾಕೆ ಎಂದು ಯಾರೋ ಕೇಳಿದರು. “ಹಪ್ಪಳ ಯಾಕೆ ಮಳೆಗಾಲದಲ್ಲಿ ಒಣಗಿಸುವುದಿಲ್ಲ?” ಎಂದು ಅವರು ತಿರುಗಿ ಕೇಳಿದರು.

ನವೆಂಬರಿನಲ್ಲಿ ಹೊಸಬರು ಬಂದರು. ಸ್ಟಿಲ್ಟಿನ 14 ಕಂಬಗಳಲ್ಲೂ ಅಂಗೈ ಅಗಲದ ಪಟ್ಟಿ ಪ್ಲಾಸ್ಟರು ಕೆರೆದರು. ಬರೀ ಮೀಟರು ಇಟ್ಟು ಹೋಗದೆ, ಡ್ರಿಲ್ಲು ಹಾಕಿ ಬೇರೆ ಬೇರೆ ಆಳದಿಂದ ಪುಡಿ ತೆಗೆದು, ಪ್ಯಾಕೆಟಿನಲ್ಲಿ ಕಟ್ಟಿ ಲ್ಯಾಬಿಗೆ ಕಳಿಸಿದರು. ಕ್ಲೋರೈಡ್ ಎಷ್ಟಿದೆ ಎಂದು ನೇರವಾಗಿ ಹೇಳುವುದು ಆ ಪುಡಿ ಮಾತ್ರ. ಐಎಸ್ 456:2000 ಪ್ರಕಾರ ಕಬ್ಬಿಣ ಹಾಕಿದ ಹೊಸ ಕಾಂಕ್ರೀಟಿನಲ್ಲಿ ಕ್ಲೋರೈಡ್ ಘನಮೀಟರಿಗೆ 0.6 ಕಿಲೋ ಮೀರಬಾರದು. ಒಂದು ಘನಮೀಟರ್ ಸುಮಾರು 2400 ಕಿಲೋ ತೂಗುತ್ತದೆ, ಅಂದರೆ ಒಂದು ಕಿಲೋ ಕಾಂಕ್ರೀಟಿಗೆ ಕಾಲು ಗ್ರಾಂ. ಸಾರಿಗೆ ಇನ್ನೊಂದು ಚಿಟಿಕೆ ಎಂದು ಹಾಕುತ್ತಾರಲ್ಲ, ಅಷ್ಟು.

ಬಂದ ಫಲಿತಾಂಶ ಯಾರ ಕಥೆಗೂ ಹೊಂದಲಿಲ್ಲ.

ಖಾರಿಯ ಕಡೆಯ ನಾಲ್ಕು ಕಂಬಗಳು ಒಣಗಿ, ರೋಧ 40ರ ಮೇಲೆ ಹೋಗಿತ್ತು. ಪುಡಿಯಲ್ಲಿ ಉಪ್ಪು ನಾಮಕಾವಸ್ತೆ. ಜುಲೈಯಲ್ಲಿ ಅವು ಮಳೆಯಲ್ಲಿ ನೆಂದಿದ್ದವು, ಅಷ್ಟೇ. ನೆಲದಡಿಯ ನೀರಿನ ಟ್ಯಾಂಕಿನ ಗೋಡೆಯಲ್ಲಿ ಮೊದಲ ವರದಿ –600 ಕಂಡು ಅತಿ ಅಪಾಯ ಎಂದಿತ್ತು. ಈಗಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಒಂದು ಕಡೆ ಒಡೆದು ನೋಡಿದರೆ ಸರಳು ಬೂದು ಬಣ್ಣದಲ್ಲಿ ಗಟ್ಟಿಯಾಗಿತ್ತು. ಸದಾ ನೀರು ಕುಡಿದ ಕಾಂಕ್ರೀಟಿನೊಳಗೆ ಆಮ್ಲಜನಕ ಸಿಗುವುದಿಲ್ಲ. ವೋಲ್ಟೇಜು ಪಾತಾಳಕ್ಕಿಳಿಯುತ್ತದೆ, ಆದರೆ ಆಮ್ಲಜನಕವಿಲ್ಲದೆ ತುಕ್ಕು ಮುಂದೆ ಸಾಗುವುದಿಲ್ಲ. ಇದೊಂದನ್ನು ತಿಳಿಯದೆ ಎಷ್ಟು ಟ್ಯಾಂಕುಗಳು ಅನ್ಯಾಯವಾಗಿ ಒಡೆಸಿಕೊಂಡಿರಬಹುದು.

ಕೆಟ್ಟಿದ್ದವು ಕಟ್ಟಡದ ಒಳಮೈಯಲ್ಲಿ, ಮಳೆಯೂ ಗಾಳಿಯೂ ತಾಗದ ಡಕ್ಟಿನ ಪಕ್ಕದ ನಾಲ್ಕು ಕಂಬಗಳು. ಅಲ್ಲಿ ರೋಧ ನವೆಂಬರಿನಲ್ಲೂ 5ರ ಆಸುಪಾಸೇ. ಸರಳಿನ ಆಳದಿಂದ ತೆಗೆದ ಪುಡಿಯಲ್ಲಿ ಕ್ಲೋರೈಡ್ ಘನಮೀಟರಿಗೆ 2 ಕಿಲೋಗಿಂತ ಮೇಲೆ. ಸಮುದ್ರ ಇರುವುದು ಆಚೆ, ಉಪ್ಪು ಇರುವುದು ಈಚೆ. ಎಲ್ಲಿಂದ ಬಂತು? ಸಲಹೆಗಾರರೂ ಸೊಸೈಟಿಯ ಕಾರ್ಯದರ್ಶಿಯೂ ಡಕ್ಟಿನ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ ದೊಡ್ಡಮ್ಮ ಮೇಲಿನ ಕಿಟಕಿಯಿಂದ ಹೇಳಿದರಂತೆ, ಫ್ಲಶ್ಶಿನ ನೀರು ನೆಕ್ಕಿ ನೋಡಿದವರು ಯಾರಾದರೂ ಉಂಟಾ ಎಂದು. ಯಾರೂ ನೆಕ್ಕಬೇಕಾಗಲಿಲ್ಲ. ಪಾಲಿಕೆಯ ನೀರು ಸಾಲದ್ದಕ್ಕೆ ಇಪ್ಪತ್ತು ವರ್ಷದ ಹಿಂದೆ ಸೊಸೈಟಿ ಬೋರ್‌ವೆಲ್ ಕೊರೆಸಿತ್ತು. ಖಾರಿಯ ಪಕ್ಕದ ನೆಲ, ನೀರು ಉಪ್ಪು. ಕುಡಿಯಲು ಬರುವುದಿಲ್ಲ ಎಂದು ಫ್ಲಶ್ಶಿಗೆ ಬಿಟ್ಟಿದ್ದರು. ಆ ಪೈಪುಗಳ ಕೀಲುಗಳಿಂದ ಇಪ್ಪತ್ತು ವರ್ಷ ಹನಿ ಹನಿಯಾಗಿ ಸೋರಿದ್ದು ಡಕ್ಟಿನ ಕಂಬಗಳ ಮೇಲೆ. ಹನಿ ಬಿದ್ದು, ನೀರು ಆರಿ, ಉಪ್ಪು ಉಳಿದು, ಮತ್ತೆ ಹನಿ ಬಿದ್ದು.

ಮೊದಲ ವರದಿಯಲ್ಲಿ ಡಕ್ಟಿನ ಕಂಬಗಳ ಅಂಕಿ ಇರಲೇ ಇಲ್ಲ. ಒಳಗೆ ಹೋಗುವುದು ಗಲೀಜು ಎಂದು ಬಿಟ್ಟಿದ್ದಿರಬೇಕು.

ಇನ್ನೊಂದು ಕಂಬವನ್ನೂ ಹೇಳಲೇಬೇಕು, ಮೆಟ್ಟಿಲಿನ ಪಕ್ಕದ್ದು. ಜುಲೈಯಲ್ಲಿ ಅದಕ್ಕೆ ಹಸಿರು ಬಣ್ಣ ಸಿಕ್ಕಿತ್ತು: ರೋಧ ಭರ್ಜರಿ, ವೋಲ್ಟೇಜು –120. ಅಲ್ಲಿ ಎಂಟು ಹತ್ತು ವರ್ಷದ ಹಿಂದೆ ಕಾಂಕ್ರೀಟು ಉದುರಿದಾಗ ಪಾಲಿಮರ್ ಗಾರೆಯ ತೇಪೆ ಹಾಕಿದ್ದರು, ಅಳೆದದ್ದು ಆ ತೇಪೆಯ ಮೇಲೆ. ಹೊಸ ಗಾರೆಗೆ ತೂತು ಕಡಿಮೆ, ಉಪ್ಪಿಲ್ಲ, ಅಂಕಿ ಚೆಂದ. ತೇಪೆಯ ಅಂಚಿನಿಂದ ಒಂದು ಗೇಣು ಮೇಲೆ ಒಡೆದು ನೋಡಿದಾಗ ಒಂದು ಸರಳು ಸವೆದು ಮುಕ್ಕಾಲಿಗೆ ಬಂದಿತ್ತು. ಉಪ್ಪು ತಾಗಿದ ಕಾಂಕ್ರೀಟಿನ ನಡುವೆ ಶುದ್ಧ ಗಾರೆಯ ತೇಪೆ ಹಾಕಿದರೆ ತೇಪೆಯೊಳಗಿನ ಕಬ್ಬಿಣ ಸುಖವಾಗಿರುತ್ತದೆ, ತೇಪೆಯಾಚೆಯದು ಅದರ ಪಾಲಿನದನ್ನೂ ಸೇರಿಸಿ ಕರಗುತ್ತದೆ. ಮೊದಲು ತುಕ್ಕು ಹಿಡಿಯುತ್ತಿದ್ದ ಜಾಗವೇ ನೆರೆಯ ಕಬ್ಬಿಣವನ್ನು ಕಾಪಾಡುತ್ತಿತ್ತು. ಅದನ್ನು ಗುಣ ಮಾಡಿದಾಗ ನೆರೆಯದಕ್ಕೆ ಸರದಿ ಬಂತು. ಪೂರ್ತಿ ಒಡೆದು, ಸರಳಿನ ಹಿಂಬದಿಯವರೆಗೂ ಉಪ್ಪಿನ ಕಾಂಕ್ರೀಟು ತೆಗೆದು ಮಾಡಬೇಕಾದ ರಿಪೇರಿಯನ್ನು ಮೇಲೆ ಮೇಲೆ ಮಾಡಿದ್ದರ ಫಲ.

ಎರಡನೇ ವರದಿ ಸಿ2ಬಿ ಎಂದಿತು. ಐದು ಕಂಬಗಳಿಗೆ ದೊಡ್ಡ ರಿಪೇರಿ, ಬಚ್ಚಲಿನ ಕೆಲವು ಸ್ಲ್ಯಾಬುಗಳಿಗೆ ಸಣ್ಣದು. ಪಾಲಿಕೆಯ ಸಮಿತಿಯ ಮುಂದೆ ಎರಡೂ ವರದಿಗಳು ಹೋದವು. ಸಮಿತಿ ಎರಡನೆಯದನ್ನು ಒಪ್ಪಿತು. ಮೂರನೇ ಮಹಡಿಯ ಕುಟುಂಬ ಆ ವೇಳೆಗೆ ಬೇರೆ ಮನೆಗೆ ಹೋಗಿ ಆರು ತಿಂಗಳ ಮುಂಗಡ ಕೊಟ್ಟಾಗಿತ್ತು. ನಾಲ್ಕನೇ ಮಹಡಿಯವರ ಬೇಸರ ಇನ್ನೂ ಹೋಗಿಲ್ಲ. ರಿಪೇರಿ ಎಷ್ಟು ವರ್ಷಕ್ಕೆ, ಹತ್ತಕ್ಕೋ ಹದಿನೈದಕ್ಕೋ, ಆಮೇಲೆ ಹೇಗೂ ಕೆಡವಲೇಬೇಕು ಎನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಕೆಡವಬೇಕಾದರೆ ಇಷ್ಟವಿದೆ ಎಂದು ಕೆಡವಲಿ. ಮಳೆಯಲ್ಲಿ ಅಳೆದ ಅಂಕಿಯನ್ನು ಮುಂದಿಟ್ಟುಕೊಂಡು ಹೆದರಿಸಿ ಕೆಡವುವುದು ಬೇರೆ.

ರಿಪೇರಿಯ ಗುತ್ತಿಗೆದಾರ ತನ್ನ ಕಾಂಕ್ರೀಟಿನ ಹೆಗ್ಗಳಿಕೆಗೆ ಇನ್ನೊಂದು ಪ್ರಮಾಣಪತ್ರ ತಂದ. 50 ಮಿಲಿಮೀಟರ್ ದಪ್ಪದ ಬಿಲ್ಲೆಯ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಕಾಸ್ಟಿಕ್ ಸೋಡಾ ದ್ರಾವಣ ಇಟ್ಟು 60 ವೋಲ್ಟಿನಲ್ಲಿ ಆರು ಗಂಟೆ ಕರೆಂಟು ಹಾಯಿಸಿ ಎಷ್ಟು ಕೂಲಂಬ್ ಹಾದುಹೋಯಿತು ಎಂದು ಎಣಿಸುವ ಪರೀಕ್ಷೆ ಅದು. ಅಮೆರಿಕದ ಡೇವಿಡ್ ವೈಟಿಂಗ್ 1981ರಲ್ಲಿ ಕೊಟ್ಟದ್ದು. 4000 ದಾಟಿದರೆ ಉಪ್ಪಿಗೆ ಬಾಗಿಲು ತೆರೆದಂತೆ, 1000ದೊಳಗಿದ್ದರೆ ಬಹಳ ಬಿಗಿ. ಇವನದು 800. ತಂಗಿಯ ಮಗಳು ಫೋನಿನಲ್ಲಿ ಕೇಳಿದ್ದು ಒಂದೇ, ಮಿಶ್ರಣದಲ್ಲಿ ಏನೇನು ಹಾಕಿದ್ದೀರಿ? ಹೆಸರಿನಲ್ಲಿ ಕ್ಲೋರೈಡಿನ ಪರೀಕ್ಷೆ ಎಂದಿದ್ದರೂ ಅದು ಎಣಿಸುವುದು ಹಾದುಹೋದ ಎಲ್ಲ ಅಯಾನುಗಳನ್ನು. ಸಿಲಿಕಾ ಫ್ಯೂಮ್ ಹಾಕಿದರೆ ತೂತಿನ ನೀರಿನ ಹೈಡ್ರಾಕ್ಸೈಡ್ ತಗ್ಗಿ ಅಂಕಿ ಇನ್ನೂ ಇಳಿಯುತ್ತದೆ, ಕಾಂಕ್ರೀಟು ನಿಜಕ್ಕೂ ಆದ ಮಟ್ಟಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ತುಕ್ಕು ತಡೆಯಲೆಂದೇ ಕ್ಯಾಲ್ಸಿಯಂ ನೈಟ್ರೈಟ್ ಹಾಕಿದರೆ ಅದೂ ಕರೆಂಟು ಒಯ್ದು ಅಂಕಿ ಏರುತ್ತದೆ, ಒಳ್ಳೆಯದು ಕೆಟ್ಟದ್ದಾಗಿ ಕಾಣುತ್ತದೆ. ಗುತ್ತಿಗೆದಾರನ ಮಿಶ್ರಣದಲ್ಲಿ ಸಿಲಿಕಾ ಫ್ಯೂಮ್ ಇತ್ತು. ಕಾಂಕ್ರೀಟು ಒಳ್ಳೆಯದೇ, ಆದರೆ 800 ಎಂಬುದನ್ನು ಸ್ವಲ್ಪ ತಗ್ಗಿಸಿ ನಂಬಿ ಎಂದು ಅವಳು ಕಾರ್ಯದರ್ಶಿಗೆ ಹೇಳಿದಳು.

ಜನವರಿಯಲ್ಲಿ ಡಕ್ಟಿನ ಕಂಬಗಳನ್ನು ಜಾಕಿ ಕೊಟ್ಟು ಒಡೆದರು. ಅದಕ್ಕೂ ಮೊದಲು ಪ್ಲಂಬರನನ್ನು ಕರೆಸಿ ಫ್ಲಶ್ಶಿನ ಪೈಪನ್ನು ಪೂರ್ತಿ ಬದಲಿಸಿ, ಡಕ್ಟಿನಿಂದ ತೆಗೆದು ಹಿಂಬದಿಯ ಗೋಡೆಯ ಹೊರಗೆ ಹಾಕಿಸಿದರು. ನೋಡಲು ಚೆಂದವಿಲ್ಲ. ಬೋರ್‌ವೆಲ್ ಬಿಡಲು ಆಗುವುದಿಲ್ಲ, ಪಾಲಿಕೆಯ ನೀರು ಈಗಲೂ ಸಾಲದು. ಹೊರಗಿದ್ದರೆ ಸೋರಿದ್ದು ಕಣ್ಣಿಗಾದರೂ ಕಾಣುತ್ತದೆ ಎಂಬುದು ಕಾರ್ಯದರ್ಶಿಯ ಲೆಕ್ಕ. ಅವರು ಒಂದು ದಪ್ಪ ರಿಜಿಸ್ಟರ್ ತಂದು ಗೆರೆ ಎಳೆದು ಕಾಲಮ್ಮುಗಳನ್ನು ಮಾಡಿದ್ದಾರೆ: ಕಂಬದ ನಂಬರು, ತಾರೀಖು, ಹೊತ್ತು, ಶಾಖ, ಮಳೆ ಆಗಿ ಎಷ್ಟು ದಿನ, ಕೆರೆದ ಜಾಗವೋ ತೇಪೆಯೋ, ಅಳೆದವರ ಸಹಿ. ಅಂಕಿ ಬರೆಯುವ ಕಾಲಮ್ಮು ಎಲ್ಲಕ್ಕಿಂತ ಕೊನೆಯದು.